ಬಿಸಿನೀರಮ್ಮ

ಆಸ್ಪತ್ರೆಯ ಹಿಂದಿನ ತೊಟ್ಟಿಯ ಹತ್ತಿರ ತಾಯಿ ಮಗಳು ಫ್ಲಾಸ್ಕು ತೊಳೆಯುತ್ತಿದ್ದರು. ಮಗಳು ಉದ್ದನೆಯ ಬ್ರಷ್ಷು ತೂರಿಸಿ ಒಳಗೆ ತಿರುಗಿಸುವಳು, ಅಮ್ಮ ನೀರು ಚೆಲ್ಲಿ, ಬೆಳಕಿಗೆ ಹಿಡಿದು ಒಳಗಿನ ಗಾಜು ನೋಡುವಳು. ಒಂದೊಂದು ಫ್ಲಾಸ್ಕಿನ ಹಿಡಿಗೂ ಒಂದೊಂದು ಬಣ್ಣದ ದಾರ ಕಟ್ಟಿತ್ತು. ರೋಗಿಗಳ ಮನೆಯವರು ಹಿಂದಿನ ಸಂಜೆಯೇ ಖಾಲಿ ಫ್ಲಾಸ್ಕನ್ನು ಕಲ್ಲುಬೆಂಚಿನ ಮೇಲೆ ಇಟ್ಟುಹೋಗುತ್ತಿದ್ದರು. ದಾರ ನೋಡಿದರೆ ಯಾವ ಮಂಚದ್ದೆಂದು ಅಮ್ಮನಿಗೆ ಗೊತ್ತಾಗುತ್ತಿತ್ತು. ಆಸ್ಪತ್ರೆಯ ಅಡುಗೆಮನೆಯ ಹಂಡೆಯಿಂದ ಬಿಸಿನೀರು ತುಂಬಿ, ಬುಟ್ಟಿಯಲ್ಲಿಟ್ಟು, ಮಂಚ ಮಂಚಕ್ಕೆ ತಲುಪಿಸುವುದು ಇಬ್ಬರ ಕೆಲಸ. ಸಂಬಳವಿಲ್ಲ. ಯಾರೂ ಹೇಳಿ ಮಾಡಿಸಿದ್ದೂ ಅಲ್ಲ.

ಅಪ್ಪ ತೀರಿಕೊಂಡದ್ದು ಇದೇ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ. ಕೊನೆಕೊನೆಗೆ ಊಟ ಸೇರುತ್ತಿರಲಿಲ್ಲ. ಬಿಸಿನೀರು ಬಗ್ಗಿಸಿದ ಫ್ಲಾಸ್ಕಿನ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು, ಕುಡಿಯದೆ, ಬರೀ ಕಾವು ತೆಗೆದುಕೊಳ್ಳುತ್ತ ಕೂತಿರುತ್ತಿದ್ದ. ಅಪ್ಪ ಹೋದ ಮೇಲೆ ಅಮ್ಮ ಮೂಲೆ ಹಿಡಿದಳು. ಆಮೇಲೊಂದು ಬೆಳಗ್ಗೆ ಎದ್ದವಳೇ ಅಪ್ಪನ ಫ್ಲಾಸ್ಕು ಹಿಡಿದು ಆಸ್ಪತ್ರೆಗೆ ಹೊರಟುಬಿಟ್ಟಳು. ತಲೆ ಕೆಟ್ಟಿತೇನೋ ಎಂದು ಮಗಳು ಹಿಂದೆಯೇ ಓಡಿದಳು. ಹೋಗಿ ನೋಡಿದರೆ, ಆ ಮಂಚದಲ್ಲಿ ಮಲಗಿದ್ದ ಯಾರೋ ಮುದುಕನಿಗೆ ಅಮ್ಮ ನೀರು ಬಗ್ಗಿಸುತ್ತಿದ್ದಳು.

ಅಲ್ಲಿಂದ ಬಿಸಿನೀರಮ್ಮ ಎಂಬ ಹೆಸರೇ ನಿಂತಿತು. ವಾರ್ಡಿಗೆ ಕಾಲಿಟ್ಟರೆ ಸಾಕು, ಅಮ್ಮನ ಬೆನ್ನು ನೆಟ್ಟಗಾಗುತ್ತಿತ್ತು.

“ಬಿಸಿನೀರಮ್ಮಾ, ನಿಮ್ ಮಗಳು ಬಾಯಲ್ಲೂ ನೀರು ತುಂಬ್ಕೊಂಡಿದಾಳಾ? ತುಟಿನೇ ಬಿಚ್ಚಲ್ವಲ್ಲ!” ಎಂದು ಕಾಲು ಮುರಿದುಕೊಂಡು ಮಲಗಿದ್ದ ಗಾರೆ ಮೇಸ್ತ್ರಿ ಕೆಣಕುವನು.

“ನೀನು ಆಡೋದ್ರಲ್ಲಿ ಅರ್ಧ ಅವಳಿಗೆ ಕೊಡಪ್ಪ, ಇಬ್ರೂ ಉದ್ಧಾರ ಆಗ್ತೀರಿ,” ಎಂದು ಅಮ್ಮ ನಗುವಳು.

ಆ ನಗು ಆಸ್ಪತ್ರೆಯ ಗೇಟು ದಾಟುತ್ತಿರಲಿಲ್ಲ. ಮನೆಗೆ ಬಂದರೆ ಗೋಡೆಗೆ ಮುಖ ಮಾಡಿ ಮಲಗುವಳು. ಮಗಳು ಹೊಲಿಗೆ ಅಂಗಡಿಯಿಂದ ಬಂದು, ಅನ್ನ ಬಡಿಸಿ ಕರೆದರೆ ‘ಹೂಂ’ ಎನ್ನುವಳು, ಅಷ್ಟೇ. ಮಗಳು ಜ್ವರದಲ್ಲಿ ಮಲಗಿದ್ದಾಗಲೂ ಅಮ್ಮ ಬುಟ್ಟಿ ಹಿಡಿದು ಹೊರಟಿದ್ದಳು. “ಊರಿಗೆ ಉಪಕಾರಿ, ಮನೆಗೆ ಮಾರಿ,” ಎಂದು ಚಿಕ್ಕಮ್ಮ ಆಡಿಕೊಂಡಳು. ಮಗಳಿಗೆ ಬೇಕಾಗಿದ್ದುದು ಒಂದೇ. ವಾರ್ಡಿನಲ್ಲಿ ನಗುವ ಆ ಹೆಂಗಸು ಒಂದು ದಿನ ಮನೆಗೂ ಬರಬೇಕು.

ಹಾಗಿರುವಾಗ ಗಡಿಯಾರ ರಿಪೇರಿ ಅಂಗಡಿಯವರೊಬ್ಬರು ಬಂದರು. ಅವರ ಹೆಂಡತಿ ಅದೇ ವಾರ್ಡಿನಲ್ಲಿ ಬಹಳ ದಿನ ನರಳಿ ತೀರಿಹೋಗಿದ್ದಳು. ಅಮ್ಮ ಒಳಗಿದ್ದಾಗ, ತೊಟ್ಟಿಯ ಹತ್ತಿರ ನಿಂತು ಮಗಳನ್ನು ಕೇಳಿದರು.

“ಅವಳ ಹೆಸರಲ್ಲಿ ಏನಾದ್ರೂ ಕೊಡ್ಬೇಕು ಅಂತಿದೀನಿ ಕಣಮ್ಮ. ಮನೇಲಿ ಕೂತ್ರೆ ಅಷ್ಟೂ ಗಡಿಯಾರ ಸೇರ್ಕೊಂಡು ನನ್ನ ತಿಂದ್ಹಾಕ್ತವೆ. ಇಲ್ಲಿಗೆ ಏನು ಬೇಕು, ನೀನೇ ಹೇಳು.”

ಮಗಳು ಬ್ರಷ್ಷು ಕೆಳಗಿಟ್ಟಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಎಂದೂ ಯಾರೆದುರೂ ಬಾರದ ಮಾತು ಅಂದು ಸಲೀಸಾಗಿ ಬಂತು.

“ಬಿಸಿನೀರಿನ ಮಿಷನ್ ಹಾಕಿಸ್ಕೊಡಿ ಯಜಮಾನ್ರೇ. ಬುಟ್ಟಿ ಹೊತ್ತು ಹೊತ್ತು ಅಮ್ಮನ ಸೊಂಟ ಬಿದ್ದೋಗಿದೆ.”

ವಾರ್ಡಿನ ಬಾಗಿಲ ಪಕ್ಕದಲ್ಲೇ ಮಿಷನ್ ಬಂದು ನಿಂತಿತು. ಮೊದಲ ಲೋಟ ತುಂಬುವಾಗ ರಿಪೇರಿಯವರು ಮಗುವಿನ ಹಾಗೆ ಅತ್ತರು. ಅಮ್ಮನೇ ಮುಂದೆ ಹೋಗಿ ಸಮಾಧಾನ ಮಾಡಿದಳು.

“ಒಳ್ಳೇ ಕೆಲಸ ಮಾಡಿದ್ರಿ. ಇನ್ನು ಯಾರೂ ಯಾರಿಗೂ ಕಾಯೋ ಹಾಗಿಲ್ಲ.”

“ನನ್ನದೇನಿದೆ ತಾಯಿ? ನಿಮ್ಮ ಮಗಳೇ ಹೇಳಿದ್ದು, ನಿಮಗೆ ಕಷ್ಟ ಆಗ್ತಿದೆ ಅಂತ.”

ಅಮ್ಮ ತಿರುಗಿ ಮಗಳನ್ನು ನೋಡಿದಳು. ಬೈದಿದ್ದರೂ ಚೆನ್ನಾಗಿತ್ತು. “ಹೌದೇನೇ?” ಎಂದಷ್ಟೇ ಕೇಳಿದಳು.

ಅಂದು ಮನೆಯಲ್ಲಿ ಮಗಳು ತಟ್ಟೆ ಹತ್ತಿರ ಸರಿಸಿದಳು. “ನಿನ್ನ ಸೊಂಟಕ್ಕೇ ಅಂತ ಅಮ್ಮಾ...”

“ನನ್ನ ಸೊಂಟಕ್ಕೆ ಏನಾಗಿತ್ತೇ?” ಅಮ್ಮ ಗೋಡೆಯನ್ನೇ ನೋಡುತ್ತ ಹೇಳಿದಳು. “ಪುಣ್ಯ ಗಿಣ್ಯ ಅಂತ ಜನ ಹೇಳ್ತಾರೆ. ನನಗ್ಯಾವ ಪುಣ್ಯನೂ ಬೇಕಿರ್ಲಿಲ್ಲ. ಬುಟ್ಟಿ ಎತ್ಕೊಂಡ್ರೆ, ಆ ಕಡೆ ಯಾರೋ ನನಗೆ ಕಾಯ್ತಿದಾರೆ ಅನ್ಸೋದು. ನಿಮ್ಮಪ್ಪ ಕಾಯ್ತಿದ್ರಲ್ಲ, ಹಾಗೆ.”

ನಾನೂ ಕಾಯುತ್ತಿದ್ದೆನಲ್ಲ ಎಂದುಕೊಳ್ಳುತ್ತ ಮಗಳು ಆ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿದಳು. ಅನ್ನ ಆರಿಹೋಯಿತು.

ಮರುದಿನ ಅಮ್ಮ ಎಂದಿನಂತೆ ಎದ್ದು ಹೊರಟಳು. ಮಗಳು ಹಿಂದೆಯೇ ಹೋದಳು. ಕಲ್ಲುಬೆಂಚಿನ ಮೇಲೆ ಏನೂ ಇರಲಿಲ್ಲ. ಅಮ್ಮ ಅದನ್ನು ಒಮ್ಮೆ ಕೈಯಿಂದ ಸವರಿ, ಖಾಲಿ ಬುಟ್ಟಿ ಎತ್ತಿಕೊಂಡು ವಾರ್ಡಿಗೆ ನಡೆದಳು. ಮಿಷನ್ ಮುಂದೆ ಸಾಲು ನಿಂತಿದ್ದವರು ದಾರಿ ಬಿಟ್ಟರು. “ಇನ್ನು ನೀವು ಹಾಯಾಗಿರಿ ಬಿಸಿನೀರಮ್ಮ,” ಎಂದು ಯಾರೋ ಅಕ್ಕರೆಯಿಂದಲೇ ಹೇಳಿದರು. ಅಮ್ಮ ಒಂದೊಂದು ಮಂಚದ ಮುಂದೆಯೂ ಸ್ವಲ್ಪ ಹೊತ್ತು ನಿಂತು ಮುಂದೆ ಹೋದಳು. ಗಾರೆ ಮೇಸ್ತ್ರಿ ತುಂಬಿದ ಫ್ಲಾಸ್ಕನ್ನು ಸದ್ದಿಲ್ಲದೆ ಹೊದಿಕೆಯೊಳಗೆ ಎಳೆದುಕೊಂಡ.

ಕಿಟಕಿ ಪಕ್ಕದ ಮಂಚ ಬಂದ ಮೇಲೆ ಮುಂದೆ ಹೋಗಲು ಜಾಗವಿರಲಿಲ್ಲ. ಅಮ್ಮ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು, ಇತ್ತ ತಿರುಗಿ ನಿಂತಳು. ಎಲ್ಲರೂ ತಂತಮ್ಮ ಕೈ ನೋಡಿಕೊಳ್ಳುತ್ತಿದ್ದರು. ಬಾಗಿಲಲ್ಲಿ ನಿಂತ ಮಗಳೂ.

“ಯಾರಾದ್ರೂ ಒಂದು ಫ್ಲಾಸ್ಕ್ ಕೊಡ್ರಪ್ಪ. ತೊಳೆದಾದ್ರೂ ತಂದ್ಕೊಡ್ತೀನಿ.”