ಅಣ್ಣ ಓದಿ ಹೇಳಿದ ಕೊನೆಯ ಅಧ್ಯಾಯ

“ತಂಗೀನ ಕೊಂದಿದ್ದು ಅಣ್ಣನೇ ಕಣೇ. ಸಿನಿಮಾದಲ್ಲಷ್ಟೇ ಅಲ್ಲ, ಕಾದಂಬರಿಯಲ್ಲೂ ಅವನೇ. ನೀನು ಯಾವ ಪುಸ್ತಕ ಓದಿದ್ಯೋ ದೇವರಿಗೇ ಗೊತ್ತು.”

ಫೋನಿನಲ್ಲಿದ್ದವಳು ಕಾಲೇಜು ಪತ್ರಿಕೆಯ ಸಂಪಾದಕಿ. ಯಾರ ಬರಹವನ್ನೂ ಇಡಿಯಾಗಿ ಉಳಿಸದ ಅವಳಿಗೆ ನಾವಿಟ್ಟ ಹೆಸರು ಕತ್ತರಿ. ಸಿನಿಮಾ ಕಾದಂಬರಿಗೆ ಎಷ್ಟು ನಿಷ್ಠವಾಗಿದೆ ಅಂತ ನಾನು ವಿಮರ್ಶೆ ಬರೆದುಕೊಟ್ಟಿದ್ದೆ. ಓಣಿಯ ಕೊನೆಯ ಮನೆ, ತುಕ್ಕು ಹಿಡಿದ ಕೊಡಲಿ, ತಂಗಿಯ ಕೆಂಪು ಚಪ್ಪಲಿ, ಎಲ್ಲ ಸರಿಯಾಗಿದೆ. ಆದರೆ ಕಾವಲುಗಾರ ಮಾಡಿದ ಕೊಲೆಯನ್ನು ಪಾಪದ ಅಣ್ಣನ ತಲೆಗೆ ಕಟ್ಟಿದ್ದಾರೆ ಅಂತ ನಿರ್ದೇಶಕನಿಗೆ ಚೆನ್ನಾಗಿ ಝಾಡಿಸಿದ್ದೆ.

ಹಠಕ್ಕೆ ಬಿದ್ದು ಲೈಬ್ರರಿಗೆ ಹೋಗಿ, ನಿಂತಲ್ಲೇ ಕೊನೆಯ ಅಧ್ಯಾಯ ತೆರೆದೆ. ಅಣ್ಣನೇ. ಕಾವಲುಗಾರ ಆ ಹೊತ್ತಿಗೆ ತನ್ನ ಪಾಡಿಗೆ ಟೀ ಕುಡಿಯುತ್ತ ಕೂತಿದ್ದ.

ನಿಜ ಹೇಳಬೇಕೆಂದರೆ ನಾನು ಆ ಪುಸ್ತಕ ಓದಿರಲೇ ಇಲ್ಲ, ಕೇಳಿದ್ದೆ. ಹತ್ತು ವರ್ಷದವಳಿದ್ದಾಗ ಕಣ್ಣಿನ ಆಪರೇಷನ್ ಆಗಿ ಪಟ್ಟಿ ಕಟ್ಟಿದ್ದರು. ನನ್ನಣ್ಣ ಒಂಬತ್ತು ಸಂಜೆ ಮಂಚದ ತುದಿಯಲ್ಲಿ ಕೂತು, ಪೊಲೀಸನ ಮಾತು ಬಂದಾಗಲೆಲ್ಲ ಮೂಗು ಹಿಡಿದುಕೊಂಡು, ಪೂರ್ತಿ ಓದಿ ಹೇಳಿದ್ದ.

ಹಾಸ್ಟೆಲಿಗೆ ವಾಪಸ್ ಬಂದೆ. ರಜೆ; ಪಕ್ಕದ ಮಂಚದ ಹಾಸಿಗೆ ಸುತ್ತಿಟ್ಟಿತ್ತು. ಇದನ್ನು ಯಾರಿಗಾದರೂ ಹೇಳಲೇಬೇಕಿತ್ತು, ಆದರೆ ಅರ್ಥವಾಗುವುದು ಒಬ್ಬನಿಗೇ. ಅಪ್ಪನ ಜೊತೆ ಜಗಳವಾಡಿ ಅವನು ಮನೆ ಬಿಟ್ಟ ದಿನ ನಾನೇ ಕಳಿಸಿದ್ದ ಮೆಸೇಜು ಇನ್ನೂ ಹಾಗೇ ಇತ್ತು: “ಇನ್ಮೇಲೆ ನಂಗೆ ಅಣ್ಣ ಇಲ್ಲ.” ಅದರ ಕೆಳಗೆ ಎರಡು ನೀಲಿ ಟಿಕ್ಕು, ಹದಿನಾಲ್ಕು ತಿಂಗಳಿಂದ ಉತ್ತರವಿಲ್ಲ. ಅವನು ಕೆಲಸ ಮಾಡುವ ಪ್ರೆಸ್ಸು ಇಲ್ಲಿಂದ ಎರಡು ಬಸ್ಸಿನ ದೂರ.

ಏನೇನೋ ಟೈಪ್ ಮಾಡಿದೆ, ಅಳಿಸಿದೆ. ಕೊನೆಗೆ ಕಣ್ಣು ಮುಚ್ಚಿಕೊಂಡು ಕರೆ ಮಾಡಿಯೇಬಿಟ್ಟೆ.

ಎತ್ತಿದ. ಹಿಂದೆ ಮಷೀನಿನ ಸದ್ದು.

“ಕಾವಲುಗಾರನ ಮೇಲೆ ಯಾಕೆ ಹಾಕ್ದೆ?” ಅಂದೆ.

ಯಾವ ಕಾವಲುಗಾರ ಅಂತ ಅವನು ಕೇಳಲಿಲ್ಲ. ಸದ್ದು ದೂರವಾಯಿತು, ಹೊರಗೆ ಬಂದಿರಬೇಕು.

“ಕಣ್ಣಿಗೆ ಪಟ್ಟಿ ಕಟ್ಕೊಂಡು ನನ್ನ ಕೈ ಹಿಡ್ಕೊಂಡೇ ನಿದ್ದೆ ಮಾಡ್ತಿದ್ದೆ ನೀನು. ಅಣ್ಣನೇ ಕೊಂದ ಅಂತ ಹೇಗೆ ಓದ್ಲಿ?”

ವಿಮರ್ಶೆ ಮತ್ತೆ ಬರೆಯಬೇಕು, ಸಿನಿಮಾ ಇನ್ನೊಂದು ಸಲ ನೋಡಬೇಕು, ಒಬ್ಬಳೇ ಕೂತು ನೋಡಿ ಸಾಕಾಗಿದೆ ಅಂತೆಲ್ಲ ಒಂದೇ ಉಸಿರಿಗೆ ಒದರಿದೆ. ಅವನು ಅರ್ಧ ದಿನ ರಜೆ ಕೇಳುತ್ತೇನೆ ಅಂದ.

“ನಾಳೆ ಮೂರು ಗಂಟೆ ಆಟ. ಟಿಕೆಟ್ ಕೌಂಟರ್ ಹತ್ರ ನಿಂತಿರು ಕೋತಿ, ಬರ್ತೀನಿ.”