ಬಿಳಿಗೆ ಏಳೂವರೆ

ಫೈನಲ್ಲಿಗೆ ಚೀಟಿ ಎತ್ತಿದಾಗ ಅವಳಿಗೆ ಬಿಳಿ ಬಂತು. ಹಿಂದಿನ ಸಾಲಿನಲ್ಲಿ ಕೂತಿದ್ದ ಅಣ್ಣ ಎರಡೂ ಕೈ ಮೇಲೆತ್ತಿದ. ಅವಳು ಮಾತ್ರ ಚೀಟಿಯನ್ನು ಮೇಜಿನ ಮೇಲಿಟ್ಟು, ಒಂದಲ್ಲ, ಎರಡು ಆಟ ಆಡಿಸಿ ಅಂದಳು. ಒಂದರಲ್ಲಿ ತನಗೆ ಬಿಳಿ, ಇನ್ನೊಂದರಲ್ಲಿ ಕರಿ.

ಕರಿ ಬಿಳಿ ಕಲ್ಲುಗಳನ್ನಿಟ್ಟು ಹಲಗೆಯಲ್ಲಿ ಜಾಗ ಹಿಡಿಯುವ ಗೋ ಆಟದಲ್ಲಿ ಮೊದಲ ನಡೆ ಕರಿಯದು. ಮೊದಲು ನಡೆದವರಿಗೆ ಲಾಭ. ಅದನ್ನು ಸರಿದೂಗಿಸಲು ಕೊನೆಗೆ ಬಿಳಿಗೆ ಒಂದಿಷ್ಟು ಅಂಕ ಪರಿಹಾರವಾಗಿ ಸೇರಿಸುತ್ತಾರೆ. ಈ ಸ್ಪರ್ಧೆಯಲ್ಲಿ ಅದು ಏಳೂವರೆ. ಇಲ್ಲಿ ಆಡುವವರು ಮನುಷ್ಯರಲ್ಲ, ಅವರು ಬರೆದ ಪ್ರೋಗ್ರಾಮುಗಳು. ತೆರೆ ನೋಡಿಕೊಂಡು ಹಲಗೆಯ ಮೇಲೆ ಕಲ್ಲಿಡುವುದಷ್ಟೇ ಮನುಷ್ಯರ ಕೆಲಸ. ಹಲಗೆ ಚಿಕ್ಕದು, ಉದ್ದಕ್ಕೆ ಒಂಬತ್ತು ಗೆರೆ, ಅಡ್ಡಕ್ಕೆ ಒಂಬತ್ತು. ಆದರೆ ಏಳೂವರೆಯನ್ನು ಸ್ಪರ್ಧೆಯ ಮುಖ್ಯಸ್ಥರಾದ ಪ್ರೊಫೆಸರು ಹತ್ತೊಂಬತ್ತು ಗೆರೆಯ ದೊಡ್ಡ ಹಲಗೆಯಿಂದ ಎತ್ತಿ ತಂದು ಇಲ್ಲಿ ಕೂರಿಸಿದ್ದರು. ಅಪ್ಪನ ಅಂಗಿಯನ್ನು ಕೂಸಿಗೆ ತೊಡಿಸಿದ ಹಾಗೆ. ಬಾಲದ ಅರ್ಧ ಅಂಕ ಏಕೆಂದರೆ ಆಟ ಸಮವಾಗಬಾರದು, ಯಾರಾದರೂ ಒಬ್ಬರು ಗೆಲ್ಲಲೇಬೇಕು.

ಕಳೆದ ವರ್ಷ ಅವಳ ಪ್ರೋಗ್ರಾಮು ಕರಿ ಹಿಡಿದು ಅರ್ಧ ಅಂಕದಿಂದ ಸೋತಿತ್ತು. ಆಮೇಲೆ ಅವಳು ಅದನ್ನು ಅದರ ಜೊತೆಯೇ ಎರಡು ಸಾವಿರ ಆಟ ಆಡಿಸಿದಳು. ಅಣ್ಣನ ಪ್ರೆಸ್ಸಿನ ಕಂಪ್ಯೂಟರಿನಲ್ಲಿ, ಅವನು ಊಟಕ್ಕೋ ಕಾಗದ ತರುವುದಕ್ಕೋ ಎದ್ದು ಹೋದಾಗಲೆಲ್ಲ. ಒಂದು ಸಾವಿರದ ನಾನೂರ ನಲವತ್ತಾರು ಸಲ ಬಿಳಿ ಗೆದ್ದಿತು. ಪರಿಹಾರವನ್ನು ಏಳಕ್ಕೆ ಇಳಿಸಿದಾಗ ಮುಕ್ಕಾಲುಪಾಲು ಆಟ ಸಮವಾದವು. ನಾಲ್ಕು ಪುಟದ ಪತ್ರ ಬರೆದಳು. ಸೋತ ಬೇಸರ ಕಳೆದ ಮೇಲೆ ಮತ್ತೊಮ್ಮೆ ಯೋಚಿಸಿ ಎಂದು ಪ್ರೊಫೆಸರಿಂದ ಒಂದು ಸಾಲಿನ ಉತ್ತರ ಬಂತು. ಪತ್ರದ ಸುದ್ದಿ ಹಬ್ಬಿತು. ಈ ವರ್ಷ ಅವಳು ಬಾಗಿಲಲ್ಲಿ ಕಾಲಿಡುವಾಗಲೇ ಯಾರೋ, ಏಳೂವರೆ ಬಂದಳು, ದಾರಿ ಬಿಡ್ರಪ್ಪಾ ಅಂದಿದ್ದರು.

ಗೆದ್ದವರಿಗೆ ಸ್ಪರ್ಧೆ ನಡೆಸುವ ಸಂಸ್ಥೆಯ ಕಂಪ್ಯೂಟರುಗಳಿರುವ ಯಂತ್ರಕೋಣೆಯಲ್ಲಿ ಒಂದು ವರ್ಷ ಕೂತು ಕೆಲಸ ಮಾಡುವ ಜಾಗ. ಅವಳಿಗೆ ಅದು ಬೇಕೇಬೇಕಾಗಿತ್ತು. ಬರುವ ತಿಂಗಳಿಂದ ಪ್ರೆಸ್ಸಿನಲ್ಲಿ ಎರಡು ಪಾಳಿ, ಕಂಪ್ಯೂಟರು ನಿನ್ನ ಕೈಗೆ ಸಿಗಲ್ಲ ಎಂದು ಅಣ್ಣ ಮೊದಲೇ ಹೇಳಿಬಿಟ್ಟಿದ್ದ.

ಎರಡು ಆಟ ಅಂದದ್ದೇ ಪ್ರೊಫೆಸರು ನಕ್ಕರು. ಎದುರಾಳಿ ಅವರದೇ ವಿದ್ಯಾರ್ಥಿ, ಕನ್ನಡಕ ಎಂದೇ ಎಲ್ಲರೂ ಕರೆಯುವ ಸಣಕಲು ಹುಡುಗ. ಅವನಿಗೆ ಕರಿ ಬಂದಿತ್ತು. ಎರಡನೇ ಆಟದಿಂದ ಲಾಭವಾಗುತ್ತಿದ್ದದ್ದು ಅವನಿಗೇ. ಆದರೆ ಅದನ್ನು ಒಪ್ಪಿದರೆ ಏಳೂವರೆ ತಪ್ಪೆಂದು ಒಪ್ಪಿದಂತಾಗುತ್ತಿತ್ತು. ಪ್ರೊಫೆಸರು ಗಡಿಯಾರ ನೋಡಿ ಒಂದೇ ಆಟ ಎಂದರು.

ನಲವತ್ತು ನಿಮಿಷದಲ್ಲಿ ಮುಗಿಯಿತು. ಕರಿಗೆ ನಲವತ್ತನಾಲ್ಕು, ಬಿಳಿಗೆ ಮೂವತ್ತೇಳು. ಏಳೂವರೆ ಸೇರಿಸಿದರೆ ಬಿಳಿಗೆ ನಲವತ್ತನಾಲ್ಕೂವರೆ. ಅವಳು ಅರ್ಧ ಅಂಕದಿಂದ ಗೆದ್ದಳು. ಜನ ಚಪ್ಪಾಳೆ ತಟ್ಟಿದರು.

ಫಲಿತಾಂಶದ ಹಾಳೆ ಬಂತು. ಅದರ ಕೆಳಗೆ ಪ್ರತಿವರ್ಷ ಒಂದೇ ವಾಕ್ಯ ಅಚ್ಚಾಗಿರುತ್ತಿತ್ತು: ಎರಡೂ ಕಡೆಗೆ ಸಮಾನ ಅವಕಾಶವಿತ್ತೆಂದು ಒಪ್ಪಿ ಸಹಿ ಮಾಡಿದ್ದೇವೆ. ಸಾಮಾನ್ಯವಾಗಿ ಅದನ್ನು ಯಾರೂ ಓದುತ್ತಿರಲಿಲ್ಲ. ಅವಳು ಓದಿದಳು, ವಾಕ್ಯದ ಮೇಲೆ ಗೆರೆ ಎಳೆದಳು, ಆಮೇಲೆ ಸಹಿ ಹಾಕಿದಳು.

ಹೊಡೆದುಹಾಕಿದ ಹಾಳೆ ನಡೆಯುವುದಿಲ್ಲ ಎಂದು ಪ್ರೊಫೆಸರು ಹೊಸ ಹಾಳೆ ತರಿಸಿದರು. ಅದರ ಮೇಲೂ ಗೆರೆ ಎಳೆದಳು.

"ನೋಡಮ್ಮ, ಗೆದ್ದಿದ್ದೀಯ. ಇನ್ನೇನು ಬೇಕು ನಿನಗೆ?"

"ಸಮಾನ ಅವಕಾಶ ಇರ್ಲಿಲ್ಲ ಸರ್. ಇತ್ತು ಅಂತ ಬರೆದುಕೊಡೋಕಾಗಲ್ಲ."

ಅರ್ಧ ಗಂಟೆ ಕೊಡುತ್ತೇನೆ, ಅಷ್ಟರಲ್ಲಿ ಸರಿಯಾದ ಹಾಳೆಗೆ ಸಹಿ ಬೀಳದಿದ್ದರೆ ಈ ವರ್ಷ ಆ ಜಾಗ ಯಾರಿಗೂ ಇಲ್ಲ ಎಂದು ಹೇಳಿ ಅವರು ಚಹಾಕ್ಕೆ ಹೋದರು.

ಅಣ್ಣ ಅವಳನ್ನು ಕಿಟಕಿಯ ಬಳಿಗೆ ಎಳೆದುಕೊಂಡು ಹೋದ. ಅವನ ಬೆರಳುಗಳಲ್ಲಿ ಇನ್ನೂ ಶಾಯಿ ಇತ್ತು. ಒಂದು ವರ್ಷದಿಂದ ಪ್ರಶ್ನೆಪತ್ರಿಕೆಗಳ ನಡುವೆ ನಿನ್ನ ಕಲ್ಲುಗಳನ್ನು ಸಹಿಸಿಕೊಂಡಿದ್ದೇನೆ, ಒಮ್ಮೆ ಗಣಿತದ ಪತ್ರಿಕೆ ಅರ್ಧಕ್ಕೇ ಅಳಿಸಿಹೋದಾಗಲೂ ಬಾಯಿ ಬಿಡಲಿಲ್ಲ ಎಂದು ಪಟ್ಟಿ ಒಪ್ಪಿಸಿದ. ಅದೆಲ್ಲ ನಿಜವೇ.

"ಅನ್ಯಾಯ ಈ ಸಲ ನಿನ್ನ ಕಡೆ ತಿರುಗಿದೆ ಕಣೇ. ತೆಪ್ಪಗೆ ತಗೊಂಡು ಮನೆಗೆ ಬಾ."

"ಕರಿ ಬಂದಾಗ ಕಿರುಚಿ, ಬಿಳಿ ಬಂದಾಗ ಬಾಯಿ ಮುಚ್ಕೊಂಡ್ರೆ, ಪತ್ರದಲ್ಲಿ ಬರೆದಿದ್ದು ಲೆಕ್ಕ ಆಗಲ್ಲ ಅಣ್ಣ. ಬರೀ ಹೊಟ್ಟೆಕಿಚ್ಚು ಆಗುತ್ತೆ. ಅವರು ಅಂದ್ಕೊಂಡಿರೋದೂ ಅದೇ."

ಹಟಮಾರಿ ಮುಂಡೇದು ಎಂದು ಗೊಣಗಿ ಅಣ್ಣ ಹೋಗಿ ಕೂತ. ಆದರೆ ಹೊರಗೆ ಹೋಗಲಿಲ್ಲ.

ಕನ್ನಡಕ ತನ್ನ ವೈರುಗಳನ್ನು ಸುತ್ತಿಡುತ್ತಿದ್ದ. ಅವಳು ಅವನ ಮೇಜಿನ ಮುಂದೆ ನಿಂತು, ಬಣ್ಣ ಬದಲಿಸಿ ಒಂದು ಆಟಕ್ಕೆ ಬರುತ್ತೀರಾ ಎಂದು ಕೇಳಿದಳು. ಅವನು ಬಾಗಿಲ ಕಡೆ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ, ನಮ್ಮ ಯಂತ್ರಕೋಣೆಯಲ್ಲೂ ಈ ಏಳೂವರೆಯನ್ನು ಪರೀಕ್ಷಿಸಿದ್ದೇವೆ ಅಂದ. ಬಿಳಿಯೇ ಹೆಚ್ಚು ಗೆಲ್ಲುತ್ತದೆ. ಅದನ್ನು ವರದಿಯಲ್ಲಿ ಹಾಕಬೇಡ ಎಂದು ಸರ್ ಹೇಳಿದ್ದರು.

"ಮತ್ತೆ ಹಾಕ್ಲಿಲ್ವಾ?"

"ಇಲ್ಲ."

ಅವಳು ಹಲಗೆಯ ಮೇಲಿನ ಕಲ್ಲುಗಳನ್ನು ಬೇರ್ಪಡಿಸಿ, ಕರಿಯ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡು, ಬಿಳಿಯದನ್ನು ಅವನ ಮುಂದಿಟ್ಟಳು. ಸುತ್ತಿದ ವೈರನ್ನು ಬಿಚ್ಚಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಸಿಬ್ಬಂದಿ ಕುರ್ಚಿ ಮಡಚುತ್ತಿದ್ದರು. ಇಬ್ಬರ ಮೇಜನ್ನು ಬಿಟ್ಟು ಸುತ್ತ ಗುಡಿಸಿದರು. ಪ್ರೊಫೆಸರು ಚಹಾ ಮುಗಿಸಿ ಬರುವಷ್ಟರಲ್ಲಿ ಆಟ ಅರ್ಧ ದಾಟಿತ್ತು. ಅವರು ವಿದ್ಯಾರ್ಥಿಯನ್ನು ಹೆಸರು ಹಿಡಿದು ಕರೆದರು. ಅವನು ಎದ್ದು ನಿಂತ. ತೆರೆಯ ಮೇಲೆ ಮುಂದಿನ ನಡೆ ಮೂಡಿತು. ಅವನು ನಿಂತುಕೊಂಡೇ ಬಗ್ಗಿ ಕಲ್ಲಿಟ್ಟ, ಆಮೇಲೆ ಕೂತ.

ಕೊನೆಗೆ ಎಣಿಸಿದಾಗ ಕರಿಗೆ ನಲವತ್ತನಾಲ್ಕು, ಬಿಳಿಗೆ ಮೂವತ್ತೇಳು. ಈ ಸಲ ಅರ್ಧ ಅಂಕದಿಂದ ಸೋತವಳು ಅವಳು. ಎರಡೂ ಆಟ ಬಿಳಿಯದು. ಅವಳು ಗೆರೆ ಎಳೆದಿದ್ದ ಹಾಳೆಯನ್ನು ತಿರುಗಿಸಿ, ಅದರ ಹಿಂದೆ ಎರಡೂ ಆಟದ ಅಂಕಗಳನ್ನು ಒಂದರ ಕೆಳಗೊಂದು ಬರೆದು ಸಹಿ ಹಾಕಿ ಅವನತ್ತ ತಳ್ಳಿದಳು. ಅವನು ಪ್ರೊಫೆಸರ ಮುಖ ನೋಡದೆ ಸಹಿ ಹಾಕಿದ.

"ಈ ಎರಡನೇ ಆಟಕ್ಕೆ ಯಾವ ಮಾನ್ಯತೆಯೂ ಇಲ್ಲ," ಎಂದರು ಪ್ರೊಫೆಸರು.

"ಮೊದಲನೇದಕ್ಕೂ ಇಲ್ಲ ಸರ್," ಅಂದಳು ಅವಳು.

ಅರ್ಧ ಗಂಟೆ ದಾಟಿ ಇಪ್ಪತ್ತು ನಿಮಿಷವಾಗಿತ್ತು. ಜಾಗ ಖಾಲಿಯೇ ಉಳಿಯುತ್ತದೆ ಎಂದು ಅವರು ಪುಸ್ತಕದಲ್ಲಿ ಬರೆದುಕೊಂಡರು. ಅವಳು ಅದನ್ನು ಓದಿ, ಸರಿ ಅಂದಳು. ಹಾಳೆಯನ್ನು ಹಿಡಿದುಕೊಂಡು ಹೊರಗಿನ ನೋಟೀಸ್ ಬೋರ್ಡಿಗೆ ಹೋಗಿ, ಫೈನಲ್ಲಿನ ವೇಳಾಪಟ್ಟಿಯ ಪಿನ್ನು ಕಿತ್ತು ಅದೇ ಪಿನ್ನಿನಿಂದ ಅಲ್ಲಿ ಚುಚ್ಚಿದಳು. ಹಿಂದೆಯೇ ಬಂದ ಅಣ್ಣ, ಬರುವ ತಿಂಗಳಿಂದ ಎಲ್ಲಿ ಆಡಿಸುತ್ತೀಯ ಎಂದು ಕೇಳಿದ. ಗೊತ್ತಿಲ್ಲ ಎಂದು ಹೇಳಿ ಅವಳು ಮತ್ತೆ ಒಳಗೆ ಹೋದಳು. ಕನ್ನಡಕ ಇನ್ನೂ ವೈರು ಸುತ್ತಿರಲಿಲ್ಲ. ಪರಿಹಾರದ ಅಂಕವನ್ನು ಏಳಕ್ಕೆ ಬದಲಿಸಿಕೊಂಡು ಕೂತಿದ್ದ.