ಡಿಕ್ಕಿಯಲ್ಲಿ ಸಿಕ್ಕಿಬಿದ್ದ ನಿಲುವಂಗಿ

ನಾನು ಒಮ್ಮೆ ಗಟ್ಟಿಯಾಗಿ ಕೆಮ್ಮಿದರೆ ಇಡೀ ಬೀದಿಯ ಬೀಗಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ನನಗೆ ನೆಗಡಿಯಾದ ಸುದ್ದಿ ಹಬ್ಬಿದರೆ ಸಾಕು, ಅಕ್ಕಪಕ್ಕದವರು ಪ್ರಯಾಣ ರದ್ದು ಮಾಡಿ ಮನೆ ಕಾಯುತ್ತಾ ಕೂರುತ್ತಾರೆ. ಅಂಥ ನನಗೂ ಸೆಡ್ಡು ಹೊಡೆದು ನಿಂತದ್ದು ಒಂದೇ ಒಂದು: ನಮ್ಮ ಕಾರಿನ ಡಿಕ್ಕಿ.

ಒಳಗಿದ್ದದ್ದು ನಾಟಕದ ರಾಜನ ನಿಲುವಂಗಿ. ನಮ್ಮಕ್ಕ ದರ್ಜಿ. ಪ್ಯಾಂಟಿನ ಕಾಲು ಮೋಟು ಮಾಡಿ, ಜಿಪ್ ಬದಲಿಸಿ ಕಣ್ಣು ಸವೆಸಿದವಳಿಗೆ ಮೊದಲ ಬಾರಿ ನಾಟಕದ ತಂಡವೊಂದು ಕೆಲಸ ಕೊಟ್ಟಿತ್ತು. ಸಂಜೆ ಪರದೆ ಏಳುವ ಮೊದಲು ನಿಲುವಂಗಿ ತಲುಪಿದರೆ ಮುಂದಿನ ನಾಟಕಗಳ ಉಡುಪೆಲ್ಲ ಅವಳದೇ; ತಲುಪದಿದ್ದರೆ ಮತ್ತೆ ಜಿಪ್ಪೇ ಗತಿ. ಆ ಅಂಗಿಯ ಉದ್ದ ಏನು ಹೇಳಲಿ? ರಾಜ ರಂಗದಿಂದಿಳಿದು, ಮನೆಗೆ ಹೋಗಿ, ಊಟ ಮುಗಿಸಿ ಕೈತೊಳೆದರೂ ಅದರ ಅಂಚು ಇನ್ನೂ ರಂಗದ ಮೇಲೇ ಸರಿಯುತ್ತಿರುತ್ತದೆ.

ಹೊರಡಬೇಕೆಂದು ಕೀಲಿ ತಿರುಗಿಸಿದರೆ ಕಾರು ಕಮಕ್ ಕಿಮಕ್ ಎನ್ನಲಿಲ್ಲ. ಬ್ಯಾಟರಿ ಸತ್ತಿತ್ತು. ಹಾಳಾಗಿ ಹೋಗಲಿ, ಬೇರೆ ಗಾಡಿ ಹಿಡಿಯೋಣವೆಂದರೂ ಡಿಕ್ಕಿ ತೆರೆಯಬೇಕಲ್ಲ? ಅದು ಬಟನ್ ಒತ್ತಿದರೆ ತೆರೆಯುವ ಜಾತಿಯದು, ಬೀಗದ ತೂತೇ ಇಲ್ಲ. ಬಟನ್ನಿಗೆ ಜೀವ ಬರುವುದು ಬ್ಯಾಟರಿಯಿಂದ. ಇನ್ನೊಂದು ಕಾರಿನಿಂದ ಕರೆಂಟು ಎರವಲು ಪಡೆಯುವ ಕೇಬಲ್ಲೇನೋ ನಮ್ಮಲ್ಲಿತ್ತು. ಎಲ್ಲಿತ್ತೆಂದು ಮಾತ್ರ ಕೇಳಬೇಡಿ. ಡಿಕ್ಕಿಯಲ್ಲೇ.

ಅಕ್ಕ ಮೆಕ್ಯಾನಿಕ್‌ಗೆ ಫೋನ್ ಮಾಡಿದಳು. ಆತ ಎಲ್ಲೋ ದೂರದಲ್ಲಿ ಲಾರಿಯ ಕೆಳಗೆ ಮಲಗಿದ್ದನಂತೆ. ಅಲ್ಲಿಂದಲೇ ಉಪಾಯ ಹೇಳಿದ. ಹಿಂದಿನ ಸೀಟಿನ ಬೆನ್ನು ಮಡಚಿದರೆ ಡಿಕ್ಕಿಗೆ ದಾರಿ ಸಿಗುತ್ತದೆ, ತೆವಳಿಕೊಂಡು ಒಳಗೆ ಹೋದರೆ ಮುಚ್ಚಳದ ಒಳಮೈಯಲ್ಲಿ ಕತ್ತಲಲ್ಲೂ ಹೊಳೆಯುವ ಪುಟ್ಟ ಹಿಡಿಯಿದೆ, ಎಳೆದರೆ ಆಯಿತು.

ಸರಿ, ಸೀಟು ಮಡಚುವ ಪಟ್ಟಿ ಎಲ್ಲಿ? ಅಕ್ಕನ ಹೊಲಿಗೆಯ ಕೆಳಗೆ. ಬೆತ್ತಲೆ ವಸ್ತು ಕಂಡರೆ ಅವಳಿಗಾಗದು. ಮಿಕ್ಸಿಗೆ, ಟಿವಿ ರಿಮೋಟಿಗೆ, ಕೊನೆಗೆ ಗೋಡೆ ಗಡಿಯಾರಕ್ಕೂ ಅಂಗಿ ತೊಡಿಸಿದವಳು ಕಾರಿನ ಸೀಟನ್ನು ಬಿಟ್ಟಾಳೆಯೇ? ಇಡೀ ಹಿಂದಿನ ಸೀಟಿಗೆ ಒಂದೇ ಹೊದಿಕೆ ಹಾಕಿ, ಅದು ಜಾರದಿರಲೆಂದು ಸುತ್ತಲೂ ಜೋಡಿ ಹೊಲಿಗೆ ಹೊಡೆದಿದ್ದಳು. ಆನೆ ಕಟ್ಟಿ ಎಳೆದರೂ ಆನೆಯೇ ಹರಿಯಬೇಕು.

“ಕತ್ತರಿ ಕೊಡು,” ಅಂದಳು.

“ಎಷ್ಟು ಕಷ್ಟಪಟ್ಟು ಹೊಲ್ದಿದೀಯ ಕಣೇ ಅಕ್ಕಾ.”

“ಹೊಲ್ದಿದ್ದು ನಾನು, ಅಳೋದು ನೀನು. ಕೊಡೋ.”

ಪರಪರನೆ ಕತ್ತರಿಸಿ ಎಸೆದಳು. ಪಟ್ಟಿ ಸಿಕ್ಕಿತು, ಸೀಟು ಮಡಚಿಕೊಂಡಿತು. ಅಲ್ಲಿಂದ ಮುಂದೆ ನನ್ನ ಪರಾಕ್ರಮ. ಆ ಗುಹೆಯೊಳಗೆ ಗಾವುದಗಟ್ಟಲೆ ತೆವಳಿದೆ. ಬಾವಲಿಗಳು ಮುಖಕ್ಕೆ ಬಡಿದವು. ಸ್ಟೆಪ್ನಿ ಟೈರಿನ ಜೊತೆ ಕುಸ್ತಿಯಾಡಿ ಅದನ್ನು ಚಿತ್ ಮಾಡಿ, ಹಿಡಿಯನ್ನು ಎಳೆದ ರಭಸಕ್ಕೆ ಮುಚ್ಚಳ ಹೇಗೆ ಹಾರಿತೆಂದರೆ, ಮೇಲೆ ಹೋಗುತ್ತಿದ್ದ ಮೋಡವೊಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಕೇಬಲ್ಲು ಕೈಗೆ ಬಂತು, ಎದುರುಮನೆಯ ಕಾರಿನಿಂದ ನಮ್ಮದಕ್ಕೆ ಜೀವ ಬಂತು, ಪರದೆ ಏಳುವಷ್ಟರಲ್ಲಿ ನಿಲುವಂಗಿ ರಾಜನ ಮೈಮೇಲಿತ್ತು.

ನಾಟಕ ಮುಗಿದ ಮೇಲೆ ಬಣ್ಣದ ಕೋಣೆಯಲ್ಲಿ ಇದನ್ನೇ ವರ್ಣಿಸುತ್ತಿದ್ದೆ. ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದ ರಾಜ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಅಲ್ಲಪ್ಪಾ, ಇಷ್ಟೆಲ್ಲ ತೆವಳಿದ್ರೂ ನಿನ್ನ ಬಿಳಿ ಅಂಗಿ ಇಸ್ತ್ರಿ ಮಾಡಿದ ಹಾಗೇ ಇದೆ. ಧೂಳೆಲ್ಲ ನಿಮ್ಮಕ್ಕನ ತಲೇಲಿದೆಯಲ್ಲ?”

ಮುಂದಿನ ನಾಟಕದ ಉಡುಪಿಗೆಂದು ಆಗಲೇ ಅವನ ಭುಜದ ಅಳತೆ ಹಿಡಿಯುತ್ತಿದ್ದ ಅಕ್ಕ ಬಾಯಲ್ಲಿದ್ದ ಗುಂಡುಸೂಜಿ ತೆಗೆದಳು.

“ಹೇಳೋ. ಪಾಪ, ಕಾಯ್ತಿದ್ದಾರೆ.”

ಹೇಳಿದೆ. ಬೆಳಿಗ್ಗೆ ನಿಲುವಂಗಿಯನ್ನು ಡಿಕ್ಕಿಗಿಟ್ಟ ಮೇಲೆ ಕಾರಿನಲ್ಲೇ ಹಾಡು ಹಾಕಿಕೊಂಡು ನಿದ್ದೆಹೋಗಿ ಬ್ಯಾಟರಿ ಕೊಂದವನು ನಾನು. ತೆವಳಿ ಒಳಗೆ ಹೋದವಳು ಅಕ್ಕ. ಕತ್ತಲೆಂದರೆ ನನಗೆ ಹೆದರಿಕೆ. ಅವಳು ಹೊರಬರುವವರೆಗೂ ನಾನು ರಸ್ತೆಯಲ್ಲಿ ಅವಳ ಚಪ್ಪಲಿ ಹಿಡಿದುಕೊಂಡು ನಿಂತಿದ್ದೆ, ಅಷ್ಟೇ.